‘ಮೂರನೇ ಪೀರಿಯಡ್’ ಎಂಬ ಡಬ್ಬಿಯನ್ನು ಬೇಯಿಸುವ ಮುನ್ನ

ವಿಜ್ಞಾನ ಶಿಕ್ಷಕರ ಬೇಸಿಗೆ ಸಂಶೋಧನಾ ಕಾರ್ಯಕ್ರಮದ ಮಾನ್ಯ ನಿರ್ದೇಶಕರೇ,

ಇದೇ ಶುಕ್ರವಾರ, ಆಗಸ್ಟ್ ಇಪ್ಪತ್ತೆರಡರ ಬೆಳಿಗ್ಗೆ ಒಂಬತ್ತು ಗಂಟೆಗೆ, ನಮ್ಮೂರಿನಿಂದ ಮೂರು ಗಂಟೆ ದಾರಿಯ ಒಂದು ವಿಶ್ವವಿದ್ಯಾಲಯದಲ್ಲಿ ಫ್ರೀಜರೊಂದನ್ನು ಖಾಲಿ ಮಾಡಲಿದ್ದಾರೆ. ಅದರ ಕೆಳಗಿನ ಖಾನೆಯಲ್ಲಿ ಬಿಳಿ ರಟ್ಟಿನ ಒಂದು ಡಬ್ಬಿ ಇದೆ. ಡಬ್ಬಿಯೊಳಗೆ ಕಿರುಬೆರಳಿನ ಉದ್ದದ ಇಪ್ಪತ್ಮೂರು ಟ್ಯೂಬುಗಳಿವೆ. ಅವನ್ನು ಆಟೊಕ್ಲೇವ್ ಎಂಬ ದೈತ್ಯ ಕುಕ್ಕರಿನಲ್ಲಿಟ್ಟು ಬೇಯಿಸಿ, ಕಸಕ್ಕೆ ಹಾಕುವುದೆಂದು ತೀರ್ಮಾನವಾಗಿದೆ. ಇದನ್ನು ನಿಲ್ಲಿಸುವ ಅಧಿಕಾರ ನಿಮಗೊಬ್ಬರಿಗೇ ಇದೆ ಎಂದು ವಿಶ್ವವಿದ್ಯಾಲಯದ ಮೂವರು ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಅಂಥ ಅಧಿಕಾರ ನಮಗಿಲ್ಲ ಎಂದು ನಿಮ್ಮ ಕಚೇರಿ ಬರೆದು ತಿಳಿಸಿದೆ. ಹೀಗಾಗಿ ನಿಮಗೆ ನಾಲ್ಕು ಸಲ ಖಾಸಗಿಯಾಗಿ ಬರೆದದ್ದನ್ನು ಐದನೆಯ ಸಲ ನಮ್ಮ ಜಿಲ್ಲೆಯ ವಾರಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಪತ್ರಿಕೆ ಬುಧವಾರ ಹೊರಬರುತ್ತದೆ. ಅದು ವಾಷಿಂಗ್ಟನ್ನಿನ ನಿಮ್ಮ ಮೇಜಿಗೆ ಎಂದು ತಲುಪುತ್ತದೋ, ತಲುಪುವುದೇ ಇಲ್ಲವೋ, ಅದು ನನಗೆ ತಿಳಿಯದು.

ನಾನು ಯಾರೆಂದು ನಿಮ್ಮ ಕಡತದಲ್ಲಿದೆ, ಆದರೂ ಓದುಗರಿಗಾಗಿ ಹೇಳುತ್ತೇನೆ. ಇಪ್ಪತ್ತೆಂಟು ವರ್ಷಗಳಿಂದ ಇಲ್ಲಿನ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ರಸಾಯನಶಾಸ್ತ್ರವನ್ನೂ ಕಲಿಸುತ್ತೇನೆ, ಭೌತಶಾಸ್ತ್ರದವರು ಹೋದ ಮೇಲೆ ಅದನ್ನೂ. ಸುತ್ತ ಮೆಕ್ಕೆಜೋಳದ ಹೊಲಗಳು, ನಡುವೆ ಹಂದಿ ಸಾಕುವ ಉದ್ದನೆಯ ಶೆಡ್ಡುಗಳು, ಒಂದು ಧಾನ್ಯದ ಕಣಜ, ಒಂದು ಶಾಲೆ, ಇಷ್ಟು ನಮ್ಮ ಊರು. ಯಾವ ಔಷಧಿಗೂ ಬಗ್ಗದ ರೋಗಾಣುಗಳ ಬಗ್ಗೆ ಶಿಕ್ಷಕರು ಬೇಸಿಗೆಯ ಆರು ವಾರ ನಿಜವಾದ ಪ್ರಯೋಗಾಲಯದಲ್ಲಿ ದುಡಿದು, ಕಲಿತದ್ದನ್ನು ತರಗತಿಗೆ ಒಯ್ಯಲಿ ಎಂದು ನೀವು ಅರ್ಜಿ ಕರೆದಿರಿ. ನಾನು ಹಾಕಿದೆ. ‘ಶಿಕ್ಷಕರನ್ನು ವಿಜ್ಞಾನದ ಪ್ರೇಕ್ಷಕರನ್ನಾಗಿ ಅಲ್ಲ, ಪಾಲುದಾರರನ್ನಾಗಿ ಕಾಣುತ್ತೇವೆ’ ಎಂದು ನಿಮ್ಮ ಭಿತ್ತಿಪತ್ರದಲ್ಲಿ ದಪ್ಪಕ್ಷರದಲ್ಲಿತ್ತು. ಅದನ್ನು ನನ್ನ ತರಗತಿಯ ಬಾಗಿಲಿಗೆ ಅಂಟಿಸಿದ್ದೆ. ಈಗಲೂ ಇದೆ, ತೆಗೆಯಲು ಮನಸ್ಸಾಗಿಲ್ಲ. ದಿನಕ್ಕೆ ಆರು ಸಲ ಅದನ್ನು ಹಾದು ಹೋಗುತ್ತೇನೆ.

ಆ ಡಬ್ಬಿಯಲ್ಲಿರುವುದು ಇಷ್ಟೇ. ಕಳೆದ ಮೇ ತಿಂಗಳಲ್ಲಿ, ನನ್ನ ಮೂರನೇ ಪೀರಿಯಡ್ಡಿನ ಹತ್ತನೇ ತರಗತಿಯವರಿಗೆ ಮನೆಯ ಹತ್ತಿರದ ಮಣ್ಣು ತರಲು ಹೇಳಿದೆ. ನಮಗೆ ಗೊತ್ತಿರುವ ಆಂಟಿಬಯಾಟಿಕ್‌ಗಳಲ್ಲಿ ಬಹುಪಾಲು ಮಣ್ಣಿನ ಜೀವಿಗಳೇ ಕೊಟ್ಟವು. ಇನ್ನೂ ಕೊಡದೆ ಇಟ್ಟುಕೊಂಡಿರಬಹುದು. ಮಕ್ಕಳು ಚಮಚದಲ್ಲಿ ಬಗೆದು, ಖಾಲಿ ಬೆಣ್ಣೆ ಡಬ್ಬಿಗಳಲ್ಲಿ ತಂದರು. ಅದನ್ನೆಲ್ಲ ಜೂನ್‌ನಲ್ಲಿ ನನ್ನ ಜೊತೆ ಪ್ರಯೋಗಾಲಯಕ್ಕೆ ಒಯ್ದೆ. ಒಬ್ಬೊಬ್ಬರ ಮಣ್ಣಿನಿಂದಲೂ ಬ್ಯಾಕ್ಟೀರಿಯಾ ಬೆಳೆಸಿ, ಯಾವುದಾದರೂ ಹಟಮಾರಿ ರೋಗಾಣುವನ್ನು ತಡೆಯುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ತಡೆದರೆ ತಟ್ಟೆಯಲ್ಲಿ ಅದರ ಸುತ್ತ ಏನೂ ಬೆಳೆಯದ ಖಾಲಿ ಬಳೆ ಕಾಣುತ್ತದೆ.

ನನಗೆ ಕೆಲಸ ಕಲಿಸಿದವಳು ಫರ್ನಾಜ್, ಪಿಎಚ್.ಡಿ. ಮಾಡುತ್ತಿದ್ದ ಇಪ್ಪತ್ತಾರರ ಹುಡುಗಿ. ಐವತ್ತೈದರ ನನ್ನನ್ನು ಆಕೆ ಶಾಲೆಯ ಮಕ್ಕಳನ್ನು ಗದರಿಸುವಷ್ಟೇ ಅಕ್ಕರೆಯಿಂದ ಗದರಿಸಿದಳು. ಇಪ್ಪತ್ತೆರಡು ಟ್ಯೂಬುಗಳು ಸುಮ್ಮನಿದ್ದವು. ಒಂದರ ತಟ್ಟೆಯಲ್ಲಿ ಬಳೆ ಕಂಡಿತು. ಫರ್ನಾಜ್ ತಟ್ಟೆಯನ್ನು ಬೆಳಕಿಗೆ ಹಿಡಿದಳು. ಮತ್ತೆರಡು ಸಲ ಮಾಡಿ ನೋಡಿದಳು. ಆಮೇಲೆ ಅದೇ ಪರೀಕ್ಷೆಯನ್ನು, ನಾಲ್ಕು ಬಗೆಯ ಔಷಧಿಗಳಿಗೂ ಜಗ್ಗದ ಒಂದು ರೋಗಾಣುವಿನ ಮೇಲೆ, ನನ್ನಂಥವರು ಕಾಲಿಡಬಾರದ ಕೋಣೆಯಲ್ಲಿ ಆಕೆಯೇ ಮಾಡಿದಳು. ಅಲ್ಲೂ ಬಳೆ.

“ಮಿಸೆಸ್ ಪೋಸ್ಪಿಶಿಲ್, ಆಸೆ ಇಟ್ಕೋಬೇಡಿ,” ಎಂದಳು. “ಹತ್ತಕ್ಕೆ ಒಂಬತ್ತು ಸಲ ಇದು ಯಾವುದೋ ಹಳೇ ಔಷಧಿನೇ ಆಗಿರುತ್ತೆ.”

“ಹತ್ತನೇ ಸಲ?”

“ಹತ್ತನೇ ಸಲಕ್ಕೇ ಅಲ್ವಾ ನಾವೆಲ್ಲ ಇಲ್ಲಿ ಬಿದ್ದಿರೋದು.”

ಆ ಮಣ್ಣು ಡೆಲೇನಿ ಕೊವಾಂಡಾಳದು. ಹೆಸರನ್ನು ಆಕೆಯ ಮತ್ತು ಆಕೆಯ ತಂದೆತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ನಿಮ್ಮ ಗೌಪ್ಯತಾ ವಿಭಾಗ ಗಾಬರಿಯಾಗುವುದು ಬೇಡ. ಡೆಲೇನಿಗೆ ಹದಿನೈದು ವರ್ಷ. ತರಗತಿಯಲ್ಲಿ ಕೈ ಎತ್ತುವವಳಲ್ಲ. ಅವಳ ತಂದೆ ಡ್ವೇನ್ ಹಂದಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಫೆಬ್ರುವರಿಯಲ್ಲಿ ಕಬ್ಬಿಣದ ಗೇಟು ತಗುಲಿ ಮೊಣಕಾಲಿನ ಕೆಳಗೆ ತರಚಿತು. ತರಚು ಗಾಯಕ್ಕೆ ನಮ್ಮಲ್ಲಿ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ಅವನೂ ಹೋಗಲಿಲ್ಲ. ಮಾರ್ಚಿನಲ್ಲಿ ಹೋದಾಗ ಒಂದು ಔಷಧಿ ಕೊಟ್ಟರು, ಆಮೇಲೆ ಇನ್ನೊಂದು, ಆಮೇಲೆ ನಗರದ ಆಸ್ಪತ್ರೆಯಲ್ಲಿ ಮೂರನೆಯದು, ನಾಲ್ಕನೆಯದು. ನಾನು ಪ್ರಯೋಗಾಲಯದಲ್ಲಿದ್ದ ಎರಡನೆಯ ವಾರ ಅವನ ಕಾಲನ್ನು ಮೊಣಕಾಲಿನಿಂದ ಕೆಳಕ್ಕೆ ತೆಗೆದರು. ಊರವರು ಆ ಮನೆಗೆ ಸರದಿಯ ಮೇಲೆ ಅಡುಗೆ ಮಾಡಿ ಕಳಿಸಿದರು. ನಾವು ಮಾಡಬಲ್ಲದ್ದು ಅಷ್ಟೇ, ಅದನ್ನು ಚೆನ್ನಾಗಿ ಮಾಡುತ್ತೇವೆ.

ಮೇ ತಿಂಗಳಲ್ಲಿ, ಕಾಲು ಇನ್ನೂ ಇದ್ದಾಗ, ಡೆಲೇನಿ ಸವರ್ ಕ್ರೀಮ್ ಎಂಬ ಹುಳಿಕೆನೆಯ ಖಾಲಿ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟಳು.

“ಮಿಸ್, ಇದು ಅಮ್ಮನ ರೂಬಾರ್ಬ್ ಗಿಡದ ಪಾತಿಯದು. ಮೆಟ್ಟಿಲ ಪಕ್ಕದ್ದು.”

“ಅಲ್ಲಿಂದ್ಲೇ ಯಾಕೆ ತಂದೆ?”

“ಅಪ್ಪ ದಿನಾ ಅಲ್ಲೇ ಮಂಡಿ ಊರಿ ಕಳೆ ಕೀಳ್ತಿದ್ರು. ಅಲ್ಲಿ ಯಾವತ್ತೂ ಅವರಿಗೆ ಏನೂ ಆಗಿಲ್ಲ.”

ಇದು ತರ್ಕವಲ್ಲ ಎಂದು ಅವಳಿಗೆ ಹೇಳಬೇಕಿತ್ತು. ವಿಜ್ಞಾನದ ಮೇಷ್ಟರಾದವರು ಹೇಳಲೇಬೇಕು. ನಾನು ಹೇಳಲಿಲ್ಲ.

“ಇದ್ರಲ್ಲಿ ಏನಾದ್ರೂ ಸಿಕ್ಕಿದ್ರೆ ಅಪ್ಪನ ಕಾಲಿಗೆ ಆಗುತ್ತಾ?”

“ಇಲ್ಲ ಕಣಮ್ಮ. ಸಿಕ್ಕಿದ್ರೂ ಔಷಧಿ ಅಂತ ಆಗೋಕೆ ಹತ್ತು, ಹದಿನೈದು ವರ್ಷ.”

ಅವಳು ಬೆರಳಲ್ಲಿ ಎಣಿಸಿಕೊಂಡಳು. “ಆಗ ನಂಗೆ ಮೂವತ್ತು. ಪರವಾಗಿಲ್ಲ ಮಿಸ್. ಇನ್ನೊಂದು ಕಾಲಿರುತ್ತಲ್ಲ.”

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಮಾನ್ಯರೇ. ನಿಮಗೆ ಬರೆದ ನಾಲ್ಕು ಖಾಸಗಿ ಪತ್ರಗಳಲ್ಲಿಯೂ ಬರೆದಿರಲಿಲ್ಲ. ಅಧಿಕೃತ ಪತ್ರದಲ್ಲಿ ಮಕ್ಕಳ ಮಾತು ಬರೆಯಬಾರದೆಂಬ ಮರ್ಯಾದೆ ನನ್ನಲ್ಲಿತ್ತು. ಆ ಮರ್ಯಾದೆಯಿಂದ ಏನು ಗಿಟ್ಟಿತು?

ಈಗ ನನ್ನ ತಪ್ಪಿಗೆ ಬರುತ್ತೇನೆ. ನೀವು ಎತ್ತಿ ತೋರಿಸುವ ಮೊದಲೇ ನಾನೇ ಒಪ್ಪಿಕೊಳ್ಳುವುದು ಲೇಸು. ಟ್ಯೂಬುಗಳ ಮೇಲೆ ಗುರುತು ಬರೆಯಲು ಪ್ರಯೋಗಾಲಯದಲ್ಲಿ ಬೇರೆಯೇ ಪೆನ್ನು ಇದೆ, ಚಳಿಗೂ ತೇವಕ್ಕೂ ಅಳಿಸದ್ದು. ನನ್ನ ಕೋಟಿನ ಜೇಬಿನಲ್ಲಿದ್ದವು ತರಗತಿಯ ಬಿಳಿ ಬೋರ್ಡಿನ ಮೇಲೆ ಬರೆಯುವ ಮಾರ್ಕರುಗಳು: ನೀಲಿ, ಹಸಿರು, ಕೆಂಪು. ಇಪ್ಪತ್ತೆಂಟು ವರ್ಷಗಳಿಂದ ನನ್ನ ಯಾವ ಬಟ್ಟೆಯ ಜೇಬಿನಲ್ಲಿ ಕೈ ಹಾಕಿದರೂ ಸಿಗುವುದು ಅವೇ. ಕೈ ತಾನಾಗಿ ಹೋಯಿತು, ಬರೆಯಿತು. ಐದನೆಯ ವಾರದ ಬುಧವಾರ ಫರ್ನಾಜ್ ಒಂದು ಟ್ಯೂಬನ್ನು ಹೊರತೆಗೆದು ಮೇಲಿನ ಹಿಮವನ್ನು ಹೆಬ್ಬೆರಳಿನಿಂದ ಒರೆಸಿದಳು. ಹಿಮದ ಜೊತೆ ಅಕ್ಷರವೂ ಹೋಯಿತು. ಇನ್ನೊಂದು ತೆಗೆದಳು, ಅದೂ ಹೋಯಿತು.

“ಇದೇನ್ರೀ, ಎಲ್ಲಾ ಬೋಳು,” ಎಂದಳು. “ಯಾವ ಪೆನ್ನಲ್ಲಿ ಬರೆದ್ರಿ?”

ನಾನು ಜೇಬಿನಿಂದ ಮೂರನ್ನೂ ತೆಗೆದು ತೋರಿಸಿದೆ.

“ನಮ್ಮಲ್ಲಿ ಮೊದಲನೇ ವರ್ಷದೋರೂ ಹೀಗೆ ಮಾಡಲ್ಲ.”

“ಅವರ ಜೇಬಲ್ಲಿ ಇದು ಇರಲ್ಲವಲ್ಲ ತಾಯಿ.”

ಆಕೆ ನಕ್ಕಳು. ಆಮೇಲೆ ಮುಖ ಬಿಗಿಯಾಯಿತು. “ಈಗ ಯಾವುದು ಯಾರದು ಅಂತ ಹೇಗೆ ಗೊತ್ತಾಗುತ್ತೆ?”

ನನಗೆ ಗೊತ್ತಿತ್ತು. ಇಲ್ಲಿ ನನ್ನನ್ನು ಕಾಪಾಡಿದ್ದೂ ಶಿಕ್ಷಕಿಯ ಚಾಳಿಯೇ. ಡಬ್ಬಿಯ ಗುಳಿಗಳಲ್ಲಿ ಟ್ಯೂಬುಗಳನ್ನು ಜೋಡಿಸುವಾಗ ನಾನು ಅಂಕಿಯ ಕ್ರಮ ಹಿಡಿದಿರಲಿಲ್ಲ. ಮಕ್ಕಳು ತರಗತಿಯಲ್ಲಿ ಹೇಗೆ ಕೂರುತ್ತಾರೋ ಹಾಗೆ ಇಟ್ಟಿದ್ದೆ. ನಾಲ್ಕು ಸಾಲು, ಸಾಲಿಗೆ ಆರು. ಮುಂದಿನ ಸಾಲಿನ ನಾಲ್ಕನೆಯ ಗುಳಿ ಖಾಲಿ, ಏಕೆಂದರೆ ಆ ಜಾಗದವನು ಏಪ್ರಿಲ್‌ನಲ್ಲಿ ಊರು ಬಿಟ್ಟ. ಮುಚ್ಚಳದ ಮೇಲೆ, ಅದೃಷ್ಟಕ್ಕೆ ಅಂಟುಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದದ್ದರಿಂದ, ‘ಮೂರನೇ ಪೀರಿಯಡ್’ ಎಂಬುದು ಉಳಿದಿದೆ. ಫರ್ನಾಜ್ ತಲೆಯಾಡಿಸಿದಳು. ಶುಕ್ರವಾರ ಇಬ್ಬರೂ ಕೂತು ಸರಿಯಾದ ಪೆನ್ನಿನಲ್ಲಿ ಎಲ್ಲಕ್ಕೂ ಬರೆಯೋಣ ಎಂದುಕೊಂಡೆವು.

ಗುರುವಾರ ನಿಮ್ಮ ಪತ್ರ ಬಂತು. ‘ಕಾರ್ಯಕ್ರಮವು ಪ್ರಸ್ತುತ ಆದ್ಯತೆಗಳೊಂದಿಗೆ ಹೊಂದಿಕೆಯಾಗದಿರುವುದರಿಂದ’ ಎಂದು ಶುರುವಾಗಿ, ‘ತಮ್ಮ ಸಹಕಾರಕ್ಕೆ ಧನ್ಯವಾದಗಳು’ ಎಂದು ಮುಗಿದಿತ್ತು. ಆರು ವಾರದ ಕೆಲಸ ಐದನೆಯ ವಾರದ ಗುರುವಾರ ಸಂಜೆ ಐದಕ್ಕೆ ನಿಂತಿತು. ನಾವು ಒಂಬತ್ತು ಶಿಕ್ಷಕರಿದ್ದೆವು. ಐದು ಗಂಟೆ ಎರಡು ನಿಮಿಷಕ್ಕೆ ನನ್ನ ಕಾರ್ಡು ಬಾಗಿಲು ತೆರೆಯಲಿಲ್ಲ. ಊಟದ ಡಬ್ಬಿ ಒಳಗೇ ಉಳಿಯಿತು, ಅದನ್ನಾದರೂ ತೊಳೆದಿದ್ದಾರೆಂದು ನಂಬಿದ್ದೇನೆ. ಹಟಮಾರಿ ರೋಗಾಣುಗಳು ಆದ್ಯತೆಯಲ್ಲ ಎಂದು ನಿಮಗೆ ತಿಳಿಸಿದವರು ಯಾರು? ಅವಕ್ಕೂ ಈ ವಿಷಯ ತಿಳಿಸಲಾಗಿದೆಯೇ? ಅವು ಗುರುವಾರ ಐದು ಗಂಟೆಗೆ ಕೆಲಸ ನಿಲ್ಲಿಸಿದವೇ?

ಆಮೇಲಿನದು ನೀವೇ ಮಾಡಿಸಿದ ಗಿರಕಿ. ಪ್ರಯೋಗಾಲಯದ ಮುಖ್ಯಸ್ಥರನ್ನು ಕೇಳಿದೆ. ಮಾದರಿಗಳು ಕಾರ್ಯಕ್ರಮದ ಸ್ವತ್ತು, ನಿರ್ದೇಶಕರು ಬರೆದುಕೊಟ್ಟರೆ ಇಟ್ಟುಕೊಳ್ಳುತ್ತೇನೆ ಎಂದರು. ಒಳ್ಳೆಯ ಮನುಷ್ಯ, ಫೋನಿನಲ್ಲಿ ಎರಡು ಸಲ ಕ್ಷಮೆ ಕೇಳಿದರು. ನಿಮ್ಮ ಕಚೇರಿಯನ್ನು ಕೇಳಿದೆ. ಮಾದರಿಗಳು ವಿಶ್ವವಿದ್ಯಾಲಯದ ವಿಚಾರ ಎಂಬ ಉತ್ತರ. ವಿಶ್ವವಿದ್ಯಾಲಯದ ಸುರಕ್ಷತಾ ವಿಭಾಗವನ್ನು ಕೇಳಿದೆ. ಹೆಸರು, ದಿನಾಂಕ, ಒಡೆಯರಿಲ್ಲದ ಟ್ಯೂಬುಗಳನ್ನು ನಾಶಪಡಿಸುವುದು ನಿಯಮ, ಕಾರ್ಯಕ್ರಮದಿಂದ ಪತ್ರ ತನ್ನಿ ಎಂದರು. ಅವರ ಪಟ್ಟಿಯ ಆ ಸಾಲನ್ನು ನನಗೆ ಕಳಿಸಿಯೂ ಕೊಟ್ಟರು. ‘ಒಡೆಯರು: ತಿಳಿದಿಲ್ಲ. ಜೀವಿಯ ಹೆಸರು: ಮೂರನೇ ಪೀರಿಯಡ್. ಕ್ರಮ: ನಾಶ.’ ನನ್ನ ಮೂರನೇ ಪೀರಿಯಡ್ಡಿನ ಬಗ್ಗೆ ಹಲವು ಶಿಕ್ಷಕರು ಇದೇ ಅಭಿಪ್ರಾಯ ಹೊಂದಿದ್ದುಂಟು, ಆದರೆ ಯಾರೂ ಬರಹದಲ್ಲಿ ಕೊಟ್ಟಿರಲಿಲ್ಲ.

ಮಕ್ಕಳು ಕೂರುವ ನಕ್ಷೆಯನ್ನೇ ಅವರಿಗೆ ಕಳಿಸಿದೆ. ಅದರಲ್ಲಿ ಅಪ್ರಾಪ್ತ ವಯಸ್ಕರ ಹೆಸರುಗಳಿರುವುದರಿಂದ ನಿಯಮಾನುಸಾರ ಅಳಿಸಲಾಗಿದೆ ಎಂಬ ಉತ್ತರ ಬಂತು. ಫರ್ನಾಜ್‌ಳನ್ನು ಕೇಳೋಣವೆಂದರೆ ಆಕೆಯ ಸಂಬಳವೂ ನಿಮ್ಮ ಕಾರ್ಯಕ್ರಮದಿಂದಲೇ ಬರುತ್ತಿತ್ತು. ಆಕೆಯನ್ನು ಬೇರೆ ಕಟ್ಟಡಕ್ಕೆ ಹಾಕಿದ್ದಾರೆ, ಆಕೆಯ ಕಾರ್ಡೂ ಆ ಬಾಗಿಲು ತೆರೆಯುವುದಿಲ್ಲ. “ನಾನು ಜಾಸ್ತಿ ಕೇಳೋ ಹಾಗಿಲ್ಲ, ನನ್ನ ವೀಸಾ ನೋಡ್ಕೋಬೇಕು,” ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ನಾನು ಮತ್ತೆ ಕೇಳಲಿಲ್ಲ. ಕೊನೆಗೆ ನೇರವಾಗಿ ನಿಮಗೇ ಬರೆದಾಗ ಬಂದ ಉತ್ತರವನ್ನು ಕಂಠಪಾಠ ಮಾಡಿದ್ದೇನೆ: ‘ತಾವು ಕಾರ್ಯಕ್ರಮದಲ್ಲಿ ಪಾಲ್ಗೊಂಡವರಾಗಿದ್ದು, ಮನವಿ ಸಲ್ಲಿಸಬಹುದಾದ ವರ್ಗಕ್ಕೆ ಸೇರಿರುವುದಿಲ್ಲ.’ ಭಿತ್ತಿಪತ್ರದಲ್ಲಿ ಪಾಲುದಾರಳು, ಪತ್ರದಲ್ಲಿ ಪಾಲ್ಗೊಂಡವಳು. ಎರಡರಲ್ಲೂ ಪಾಲು ಇದೆ, ಅಷ್ಟಕ್ಕೇ ನಾನು ಮೋಸಹೋದೆ.

ಅಷ್ಟೇ ತಾನೇ, ಮತ್ತೊಂದು ಹಿಡಿ ಮಣ್ಣು ತಂದು ಹೊಸದಾಗಿ ಶುರುಮಾಡಬಾರದೇ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ನಾನೂ ಹಾಗೇ ಅಂದುಕೊಂಡೆ. ಕೆಲಸ ನಿಂತ ಎರಡನೆಯ ದಿನ, ಶನಿವಾರ, ಕೈಸಲಿಕೆ ಹಿಡಿದು ಕೊವಾಂಡಾ ಅವರ ಮನೆಗೆ ಹೋದೆ. ಮೆಟ್ಟಿಲ ಪಕ್ಕದಲ್ಲಿ ರೂಬಾರ್ಬ್ ಪಾತಿ ಇರಲಿಲ್ಲ. ಅಲ್ಲಿ ಹೊಸ ಕಾಂಕ್ರೀಟಿನ ಇಳಿಜಾರು ಇತ್ತು, ಬಾಗಿಲಿನಿಂದ ಅಂಗಳದವರೆಗೆ. ಹಿಂದಿನ ವಾರ, ನಾನು ಪ್ರಯೋಗಾಲಯದಲ್ಲಿದ್ದಾಗ, ನಮ್ಮ ಚರ್ಚಿನ ಗಂಡಸರು ಎಂಟು ಜನ ಬಂದು ಒಂದೇ ದಿನದಲ್ಲಿ ಹಾಕಿಕೊಟ್ಟಿದ್ದರು, ಡ್ವೇನ್‌ನ ಗಾಲಿಕುರ್ಚಿಗಾಗಿ. ನನ್ನ ಗಂಡನೂ ಅವರಲ್ಲೊಬ್ಬ. ಕಾಂಕ್ರೀಟು ಹಸಿಯಿದ್ದಾಗ ಓಡಾಡಿದ ನಾಯಿಯ ನಾಲ್ಕು ಹೆಜ್ಜೆಗಳು ಅದರ ಮೇಲೆ ಉಳಿದಿವೆ. ಡ್ವೇನ್ ಇಳಿಜಾರಿನ ಮೇಲ್ತುದಿಯಲ್ಲಿ ಕೂತಿದ್ದ.

“ಏನ್ ಮಿಸೆಸ್ ಪೋಸ್ಪಿಶಿಲ್, ಸಲಿಕೆ ತಗೊಂಡು ಬಂದಿದ್ದೀರಿ. ನನ್ನ ಹೂಳೋಕಾ?”

ನಾನು ವಿಷಯ ಹೇಳಿದೆ. ಅವನು ಕಾಂಕ್ರೀಟನ್ನು ನೋಡಿದ, ನನ್ನನ್ನು ನೋಡಿದ.

“ಮಣ್ಣು ಬೇಕಿತ್ತಾ? ಮೊದಲೇ ಹೇಳಬಾರದಿತ್ತಾ. ಒಂದು ಬಕೆಟ್ ತೆಗೆದಿಡ್ತಿದ್ದೆ.”

ಕಾಂಕ್ರೀಟು ಹಾಕುವ ಮುನ್ನ ಅವನ ಹೆಂಡತಿ ಒಂದೆರಡು ರೂಬಾರ್ಬ್ ಗಡ್ಡೆಗಳನ್ನು ಕಿತ್ತು ಗ್ಯಾರೇಜಿನ ಹಿಂದೆ ನೆಟ್ಟಿದ್ದರು. ಅದರ ಬೇರಿಗೆ ಅಂಟಿದ ಮಣ್ಣನ್ನು ಮೂರು ಸಲ ಒಯ್ದು ಶಾಲೆಯಲ್ಲಿ ಬೆಳೆಸಿ ನೋಡಿದೆ. ಏನೇನೋ ಬೆಳೆಯಿತು, ಆ ಜೀವಿ ಬರಲಿಲ್ಲ. ಇಳಿಜಾರನ್ನು ಒಡೆಯಿರಿ ಎಂದು ಆ ಮನೆಯವರನ್ನು ಕೇಳುವ ನಾಲಿಗೆ ನನಗಿಲ್ಲ. ಡೆಲೇನಿ ಒಂದು ಸಲ ಕೇಳಿಬಿಟ್ಟಳು, ಒಂದು ಮೂಲೆ ಮಾತ್ರ ಒಡೆದರೆ ಆಗುತ್ತಾ ಎಂದು. ಬೇಡ ಎಂದೆ. ಹಾಗಾಗಿ ಈಗ ಆ ಪಾತಿಯ ಮಣ್ಣಿನಲ್ಲಿದ್ದದ್ದು ಭೂಮಿಯ ಮೇಲೆ ನಮ್ಮ ಕೈಗೆಟುಕುವಂತೆ ಇರುವುದು ಒಂದೇ ಕಡೆ, ನಿಮ್ಮ ಬೀಗದ ಹಿಂದೆ.

ಶಾಲೆ ಹೋದ ವಾರ ಶುರುವಾಯಿತು. ಡೆಲೇನಿ ಈ ವರ್ಷ ನನ್ನ ರಸಾಯನಶಾಸ್ತ್ರದಲ್ಲಿದ್ದಾಳೆ, ಅದೂ ಮೂರನೇ ಪೀರಿಯಡ್ಡೇ. ಯಾರೂ ಹೇಳದೆ ತನ್ನ ಹಳೆಯ ಜಾಗದಲ್ಲೇ ಕೂತಳು. ಅದು ಹಳೇ ಔಷಧಿಯೇ ಆಗಿರಬಹುದು ಎಂದು ಅವಳಿಗೆ ಹೇಳಿದ್ದೇನೆ. “ಹಳೇದಾದ್ರೆ ಹಳೇದು ಮಿಸ್,” ಎಂದಳು. “ಯಾವುದು ಅಂತಾದ್ರೂ ಗೊತ್ತಾಗಬೇಕಲ್ಲ.” ಇದಕ್ಕಿಂತ ಸರಿಯಾಗಿ ವಿಜ್ಞಾನವೆಂದರೇನು ಎಂದು ನಾನು ಇಪ್ಪತ್ತೆಂಟು ವರ್ಷಗಳಲ್ಲಿ ಹೇಳಿಲ್ಲ. ದಿನಾ ಒಳಗೆ ಬರುವಾಗ ನನ್ನ ಮೇಜಿನ ಬಳಿ ನಿಂತು ಒಂದೇ ಮಾತು ಕೇಳುತ್ತಾಳೆ.

“ಮಿಸ್, ನಂದು ಇನ್ನೂ ಇದೆಯಾ?”

“ಇದೆ ಕಣಮ್ಮ.”

ಇಷ್ಟು ಕೇಳಿ ಹೋಗಿ ಕೂರುತ್ತಾಳೆ. ಇಲ್ಲಿಯವರೆಗೆ ನಾನು ಸುಳ್ಳು ಹೇಳಿಲ್ಲ.

ಮಾನ್ಯರೇ, ಜುಲೈನಲ್ಲಿ ನಾನು ಬರೆದ ಮೊದಲ ಪತ್ರದಲ್ಲಿ ಕಾರ್ಯಕ್ರಮವನ್ನು ಮತ್ತೆ ಶುರುಮಾಡಿ ಎಂದು ಕೇಳಿದ್ದೆ. ಎರಡನೆಯದರಲ್ಲಿ, ಉಳಿದ ಆರು ದಿನ ಮುಗಿಸಲು ಬಿಡಿ ಎಂದು. ಮೂರನೆಯದರಲ್ಲಿ, ಹತ್ತು ನಿಮಿಷ ಒಳಗೆ ಬಿಡಿ, ಸರಿಯಾದ ಪೆನ್ನು ನಾನೇ ತರುತ್ತೇನೆ ಎಂದು. ನಾಲ್ಕನೆಯದರಲ್ಲಿ, ಯಾರಾದರೂ ಸರಿ, ಒಂದೇ ಒಂದು ಟ್ಯೂಬನ್ನು ಎತ್ತಿ ಬೇರೆ ಫ್ರೀಜರಿನಲ್ಲಿಡಿ ಎಂದು. ನನ್ನ ಬೇಡಿಕೆ ವಾರವಾರಕ್ಕೂ ಚಿಕ್ಕದಾಗುತ್ತ ಬಂದಿದೆ, ನಿಮ್ಮ ಉತ್ತರ ಮಾತ್ರ ಅಷ್ಟೇ ಇದೆ. ಆದರೂ ನಾಲ್ಕನೆಯದನ್ನು ಇನ್ನೊಮ್ಮೆ ಕೇಳುತ್ತೇನೆ, ಈ ಸಲ ನಿಮ್ಮನ್ನಷ್ಟೇ ಅಲ್ಲ, ಶುಕ್ರವಾರ ಕೈಗವಸು ಹಾಕಿ ಆ ಬಾಗಿಲು ತೆರೆಯುವವರು ಯಾರೋ ಅವರನ್ನೂ. ಖಾಲಿ ಗುಳಿ ಇರುವುದು ಮುಂದಿನ ಸಾಲು. ಅದನ್ನು ನಿಮ್ಮ ಕಡೆ ತಿರುಗಿಸಿಕೊಂಡು, ಖಾಲಿ ಗುಳಿ ಎಡದಿಂದ ನಾಲ್ಕನೆಯದಾಗುವಂತೆ ಹಿಡಿಯಿರಿ. ಆ ಸಾಲನ್ನೂ ಸೇರಿಸಿ ಹಿಂದಕ್ಕೆ ಎಣಿಸಿದರೆ ಮೂರನೆಯ ಸಾಲು, ಬಲತುದಿ. ಅದು ಕಿಟಕಿಯ ಪಕ್ಕ. ಅವಳು ಅಲ್ಲಿ ಕೂರುತ್ತಾಳೆ.

ಅದೂ ಆಗದಿದ್ದರೆ, ಐದನೆಯ ಹಾಗೂ ಕೊನೆಯ ಬೇಡಿಕೆ ಇದು. ಇದಕ್ಕಿಂತ ಚಿಕ್ಕದು ನನ್ನ ಹತ್ತಿರ ಉಳಿದಿಲ್ಲ. ಬೇಯಿಸಿದ ಮೇಲೆ ಬೇಯಿಸಿದೆವು ಎಂದು ನನಗೆ ತಿಳಿಸಿ. ಕಾರಣ ಬೇಡ, ವಿಷಾದ ಬೇಡ, ಒಂದು ಸಾಲು ಸಾಕು. ಸೋಮವಾರ ಮೂರನೇ ಪೀರಿಯಡ್ ಹತ್ತು ಗಂಟೆ ಐದು ನಿಮಿಷಕ್ಕೆ ಶುರುವಾಗುತ್ತದೆ. ಹುಡುಗಿ ಬಂದು ಮೇಜಿನ ಬಳಿ ನಿಲ್ಲುತ್ತಾಳೆ. ಅವಳಿಗೆ ಏನು ಹೇಳಬೇಕೆಂದು ನನಗೆ ಅಷ್ಟರೊಳಗೆ ಗೊತ್ತಿರಬೇಕು.

ಇಂತಿ,
ಮನವಿ ಸಲ್ಲಿಸಬಹುದಾದ ವರ್ಗಕ್ಕೆ ಸೇರದ,
ಆರ್ಡಿತ್ ಪೋಸ್ಪಿಶಿಲ್
ವಿಜ್ಞಾನ ಶಿಕ್ಷಕಿ

(ಸಹಿಯನ್ನು ಈ ಸಲ ಅಳಿಸದ ಪೆನ್ನಿನಲ್ಲಿ ಮಾಡಿದ್ದೇನೆ.)